ಗೋರಿಗಳ ನಡುವೆ ಉಳಿದ ಪ್ರೈರೀ ಹೂಗಳು

ಅಮೆರಿಕದ ಇಲಿನಾಯ್‌ಗೆ ‘ಪ್ರೈರೀ ರಾಜ್ಯ’ ಎಂಬ ಅಡ್ಡಹೆಸರಿದೆ. 1820ರ ಸುಮಾರಿಗೆ ಅಲ್ಲಿದ್ದ ಪ್ರೈರೀ, ಅಂದರೆ ಬಯಲು ಹುಲ್ಲುಗಾವಲು, ಸುಮಾರು 2.2 ಕೋಟಿ ಎಕರೆ. 1970ರ ದಶಕದಲ್ಲಿ ರಾಜ್ಯದ ಮೂಲೆಮೂಲೆ ಹುಡುಕಿ ಲೆಕ್ಕ ಹಾಕಿದಾಗ, ಕೆಡದೆ ಉಳಿದದ್ದು 2,500 ಎಕರೆಯನ್ನೂ ಮುಟ್ಟಲಿಲ್ಲ. ಅಡ್ಡಹೆಸರಿಗೆ ಮಾತ್ರ ಧಕ್ಕೆಯಾಗಿಲ್ಲ.

ನಡುವೆ ನಡೆದದ್ದನ್ನು ಹೇಳಲು ಹೆಚ್ಚು ಹೊತ್ತು ಬೇಡ. ಆಗಾಗ ಬೆಂಕಿಯಿಟ್ಟು ಬಯಲನ್ನು ಬಯಲಾಗಿಯೇ ಇಟ್ಟಿದ್ದ ಮೂಲನಿವಾಸಿಗಳನ್ನು 1830ರ ದಶಕದಲ್ಲಿ ಮಿಸಿಸಿಪಿ ನದಿಯಾಚೆ ಅಟ್ಟಲಾಯಿತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಜಿಗುಟು ಕರಿಮಣ್ಣು ಅಂಟದ ಉಕ್ಕಿನ ನೇಗಿಲು ಮಾಡಿದ. ನೆಲದಡಿ ಹೂತ ಕೊಳವೆಗಳು ಜೌಗನ್ನು ಬಸಿದವು. ರೈಲು ಬಂತು, ಮೆಕ್ಕೆಜೋಳ ಬಂತು.

ನೇಗಿಲಿಗೆ ಸಿಗದೆ ಉಳಿದದ್ದು ಕಲ್ಲುನೆಲ, ರೈಲು ಹಳಿಯ ಪಕ್ಕದ ಪಟ್ಟಿ ಮತ್ತು ಸ್ಮಶಾನ. ಮೊದಲು ಬಂದ ವಲಸಿಗರು ತಮ್ಮ ಸತ್ತವರಿಗಾಗಿ ಒಂದೆರಡು ಎಕರೆಗೆ ಬೇಲಿ ಹಾಕಿದ್ದರು. ಸುತ್ತಲಿನ ನೆಲವೆಲ್ಲ ಉಳುಮೆಯಾದರೂ ಗೋರಿಗಳ ನಡುವಿನ ಮಣ್ಣು ಮಗುಚಲಿಲ್ಲ. ಷಿಕಾಗೋದ ಜೀವವಿಜ್ಞಾನಿ ರಾಬರ್ಟ್ ಬೆಟ್ಜ್ ಇಂಥ ಹಳೆಯ ಸ್ಮಶಾನಗಳನ್ನು ಹುಡುಕಿಕೊಂಡು ವರ್ಷಗಟ್ಟಲೆ ಅಲೆದರು. ಮೆಕ್‌ಲೀನ್ ಕೌಂಟಿಯ ವೆಸ್ಟನ್ ಸ್ಮಶಾನದಂಥ ಐದು ಎಕರೆಯ ತುಂಡುಗಳಲ್ಲಿ ಅವರಿಗೆ ಸಿಕ್ಕಿದ್ದು ಬರೀ ಹುಲ್ಲಲ್ಲ. ಅಲ್ಲಿ ಎಲೆಯಂಚನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿ ನಿಲ್ಲುವ ಹಳದಿ ಹೂವಿನ ಕಂಪಾಸ್ ಗಿಡವಿತ್ತು, ನೇರಳೆ ತೆನೆಯ ಲೆಡ್ ಗಿಡವಿತ್ತು. ಕಂಪಾಸ್ ಗಿಡದ ಬೇರು 15 ಅಡಿ ಆಳಕ್ಕೂ ಇಳಿಯಬಲ್ಲದು. ವರ್ಷಾನುಗಟ್ಟಲೆ ತಲೆ ಕತ್ತರಿಸಿದರೂ ಅದು ಕೆಳಗೆ ಜೀವ ಹಿಡಿದುಕೊಂಡಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ನಿಂತರೆ ಮತ್ತೆ ಎದ್ದು ಹೂಬಿಡುತ್ತದೆ.

ಜಗಳ ಹುಟ್ಟಿದ್ದು ಈ ಯಂತ್ರದ ಸುತ್ತಲೇ. ಅಜ್ಜ–ಅಜ್ಜಿಯರು ಮಲಗಿರುವ ಜಾಗದಲ್ಲಿ ಸೊಂಟದೆತ್ತರ ಹುಲ್ಲು ಬೆಳೆದಿದ್ದರೆ ಮನೆಯವರಿಗೆ ಅದು ಅನಾದರವಾಗಿ ಕಾಣುತ್ತದೆ. ಪಕ್ಕದ ಅಯೋವಾ ರಾಜ್ಯದ ರೋಚೆಸ್ಟರ್ ಸ್ಮಶಾನ ಸುಮಾರು 13 ಎಕರೆಯದು, ಇಂದಿಗೂ ಬಳಕೆಯಲ್ಲಿದೆ. ವಸಂತದಲ್ಲಿ ಅಲ್ಲಿ ಅರಳುವ ಶೂಟಿಂಗ್ ಸ್ಟಾರ್ ಹೂಗಳನ್ನು ನೋಡಲೆಂದೇ ಜನ ಬರುತ್ತಾರೆ. ನೀಟಾಗಿ ಕತ್ತರಿಸಿ ಎನ್ನುವವರೂ ಅದೇ ಊರಿನಲ್ಲಿದ್ದಾರೆ. ಅವರ ನೋವು ಸುಳ್ಳಲ್ಲ. ಆದರೆ ಸತ್ತವರು ಬಂದಾಗ ಕಂಡ ನೆಲ ಹೀಗೆಯೇ ಇತ್ತು, ಹುಲ್ಲುಹಾಸು ಆಮೇಲಿನ ಅಭಿರುಚಿ.

ಕತ್ತರಿ ನಿಂತ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಸುಮ್ಮನೆ ಬಿಟ್ಟರೆ ಪೊದೆ, ಮರ ನುಗ್ಗುತ್ತವೆ. ಅದಕ್ಕೇ ಒಂದೆರಡು ವರ್ಷಕ್ಕೊಮ್ಮೆ ಬೇಕೆಂದೇ ಬೆಂಕಿಯಿಡಬೇಕು. ಗೋರಿಗಳ ನಡುವೆ ಬೆಂಕಿ ಎಂದರೆ ಊರಿನವರನ್ನು ಒಪ್ಪಿಸುವುದು ಸುಲಭವಲ್ಲ. ಇನ್ನು ತುಂಡುಗಳು ಒಂದಕ್ಕೊಂದು ದೂರ. ನಮ್ಮ ಎಕ್ಕದ ಬಳಗದ ಮೀಡ್ಸ್ ಮಿಲ್ಕ್‌ವೀಡ್ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಒಂದು ತುಂಡಿನಲ್ಲಿರುವುದೆಲ್ಲ ಒಂದೇ ಗಿಡದ ಬೇರಿನಿಂದ ಹಬ್ಬಿದ ಕವಲುಗಳಾದರೆ ಹೂವಿದ್ದೂ ಕಾಯಿಲ್ಲ. ಇದು 1988ರಿಂದ ಅಮೆರಿಕದ ಕೇಂದ್ರ ಸರ್ಕಾರದ ಅಪಾಯದಂಚಿನ ಪಟ್ಟಿಯಲ್ಲಿದೆ.

ಹೊಸದಾಗಿ ಬಿತ್ತಿದರಾಯಿತಲ್ಲ ಎನ್ನುವವರಿದ್ದಾರೆ. ಬಿತ್ತಿದ್ದೂ ಉಂಟು: 1970ರ ದಶಕದಲ್ಲಿ ಬೆಟ್ಜ್ ಅವರೇ ಷಿಕಾಗೋ ಬಳಿಯ ಭೌತವಿಜ್ಞಾನ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಕಣವೇಗವರ್ಧಕದ ಉಂಗುರದೊಳಗೆ ಪ್ರೈರೀ ಬೆಳೆಸಲು ಮುಂದಾದರು. ಆದರೆ ಅದಕ್ಕೂ ಬೀಜ ಬರಬೇಕಾದದ್ದು ಇಂಥ ಹಳೆಯ ತುಂಡುಗಳಿಂದಲೇ.

ಕಾನೂನಿನ ಆಸರೆಯೂ ಅಷ್ಟಕ್ಕಷ್ಟೆ. ಇಲಿನಾಯ್‌ನ ರಾಕ್‌ಫರ್ಡ್ ವಿಮಾನ ನಿಲ್ದಾಣದ ಅಂಗಳದಲ್ಲಿದ್ದ ಬೆಲ್ ಬೌಲ್ ಪ್ರೈರೀಯ ಮೇಲೆ ರಸ್ತೆ ಹಾಯಿಸುವ ಯೋಜನೆಗೆ 2021ರಲ್ಲಿ ತಡೆ ಬಿದ್ದದ್ದು ಅಲ್ಲಿ ಅಳಿವಿನಂಚಿನ ದುಂಬಿಯೊಂದು ಕಂಡದ್ದರಿಂದ. ಜಲ್ಲಿನೆಲದ ಹೂಗಳ ಸಮುದಾಯ ಎಷ್ಟೇ ಅಪರೂಪವಾದರೂ ಅದಕ್ಕೆಂದೇ ಕೆಲಸ ನಿಲ್ಲಿಸುವ ಕಲಮು ಇರಲಿಲ್ಲ. ದುಂಬಿಯ ವಿಷಯ ಇತ್ಯರ್ಥವಾದ ಮೇಲೆ, 2023ರ ಮಾರ್ಚ್‌ನಲ್ಲಿ ಬುಲ್ಡೋಜರ್‌ಗಳು ಒಳಗೆ ಹೋದವು.