ಎಂಟಿಬಿಎಫ್: ಸರ್ವರ್ ಕೊಳ್ಳುವ ಮುನ್ನ ಈ ಅಂಕಿ ಓದುವುದು ಹೇಗೆ

ಶಿರಸಿಯ ಅಡಿಕೆ ಸೊಸೈಟಿಯಲ್ಲಿ ಟೆಂಡರ್ ನಡೆಯುವ ದಿನ ಒಂದು ಪಿಸಿ ಕೆಟ್ಟರೆ ಪಕ್ಕದ ಕೌಂಟರ್‌ನಲ್ಲಿ ಕೆಲಸ ಸಾಗುತ್ತದೆ. ಎಲ್ಲ ಕೌಂಟರ್‌ಗಳೂ ನೆಚ್ಚಿಕೊಂಡ ಸರ್ವರ್ ಕೆಟ್ಟರೆ ತೂಕದ ಚೀಟಿಯಿಂದ ಸದಸ್ಯರ ಖಾತೆಯವರೆಗೆ ಎಲ್ಲವೂ ನಿಂತಂತೆ. ಇಂಥ ಯಂತ್ರದ ಕೊಟೇಶನ್‌ನಲ್ಲಿ ದೊಡ್ಡದಾಗಿ ಕಾಣುವ ಅಂಕಿಯೇ ಎಂಟಿಬಿಎಫ್, ಒಮ್ಮೆ ಕೆಟ್ಟು ಮತ್ತೊಮ್ಮೆ ಕೆಡುವ ನಡುವಿನ ಸರಾಸರಿ ಗಂಟೆಗಳು.

ಡಿಸ್ಕಿಗೆ 10 ಲಕ್ಷ ಗಂಟೆ ಎಂದು ಬರೆದಿದ್ದರೆ ಲೆಕ್ಕಕ್ಕೆ 114 ವರ್ಷ. ಅಷ್ಟು ಕಾಲ ಯಾವ ಡಿಸ್ಕೂ ಓಡುವುದಿಲ್ಲ. ಅದು ಒಂದರ ಆಯುಷ್ಯವಲ್ಲ, ಗುಂಪಿನ ಲೆಕ್ಕ: ಅಂಥ 1,000 ಡಿಸ್ಕ್ ವರ್ಷವಿಡೀ ಓಡಿದರೆ ಸುಮಾರು 9 ಕೆಡಬಹುದು. ಅದೂ ಸವೆತ ಶುರುವಾಗುವ ಮೊದಲು, ಕಂಪನಿ ಹೇಳಿದ ತಾಪಮಾನ, ತೇವಾಂಶದ ಮಿತಿಯೊಳಗೆ. ಕಾರವಾರದ ಉಪ್ಪುಗಾಳಿ ಆ ಲೆಕ್ಕದಲ್ಲಿಲ್ಲ. ಮಳೆಗಾಲದಲ್ಲಿ ಎಸಿಯಲ್ಲಿ ತಣ್ಣಗಾಗಿ ಆಫ್ ಆಗಿರುವ ಯಂತ್ರಕ್ಕೆ ಹೊರಗಿನ ಗಾಳಿ ತಾಗಿದರೆ ಬೋರ್ಡ್ ಮೇಲೆ ಹನಿಗಟ್ಟುತ್ತದೆ, ಪಿನ್‌ಗಳು ಕಿಲುಬು ಹಿಡಿಯುತ್ತವೆ. ರ‍್ಯಾಮ್ ತೆಗೆದು ಮತ್ತೆ ಕೂರಿಸಿದರೆ ಸರಿಹೋಗಿ, ವಾರದಲ್ಲಿ ಮತ್ತೆ ಅದೇ ಕಾಟ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದಕ್ಕಿಂತ ಮುಖ್ಯವಾದದ್ದು ಎಂಟಿಟಿಆರ್, ಕೆಟ್ಟದ್ದು ಸರಿಯಾಗಲು ಹಿಡಿಯುವ ಸರಾಸರಿ ಸಮಯ. ಇಡೀ ಸರ್ವರ್‌ನ ಎಂಟಿಬಿಎಫ್ 50,000 ಗಂಟೆ ಎನ್ನೋಣ. ರಿಪೇರಿಗೆ 4 ಗಂಟೆಯಾದರೆ ವರ್ಷಕ್ಕೆ ಸರಾಸರಿ 42 ನಿಮಿಷ ನಷ್ಟ. ಎರಡು ದಿನವಾದರೆ ಸುಮಾರು ಎಂಟೂವರೆ ಗಂಟೆ. ಯಂತ್ರ ಅದೇ, ಬದಲಾದದ್ದು ಇಂಜಿನಿಯರ್ ಬರುವ ದಾರಿ ಮಾತ್ರ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಿಡಿಭಾಗ ಅರಬೈಲ್ ಘಟ್ಟ ಇಳಿದು ಬರಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ಬಂದ್ ಆಗಿತ್ತು. 'ಮುಂದಿನ ಕೆಲಸದ ದಿನ' ಎಂಬ ವಾರಂಟಿಯೂ ಶನಿವಾರ ಸಂಜೆಯ ಕರೆಗೆ ಮಂಗಳವಾರವಾಗಿಬಿಡಬಹುದು. ಆ ಸೇವೆ ಕಾರವಾರದ 581301 ಅಥವಾ ಶಿರಸಿಯ 581401 ಪಿನ್‌ಕೋಡ್‌ಗೆ ಇದೆಯೇ, ಪವರ್ ಸಪ್ಲೈ ಮತ್ತು ಡಿಸ್ಕ್ ಎಲ್ಲಿ ದಾಸ್ತಾನಿದೆ ಎಂದು ಬರಹದಲ್ಲೇ ಕೇಳಿ. ಅದಕ್ಕೆ ನೇರ ಉತ್ತರ ಕೊಡದವರು ಎಂಟಿಬಿಎಫ್ ಎಷ್ಟು ಹೇಳಿದರೂ ನಂಬಬೇಕಾಗಿಲ್ಲ.

ಕಾಗದ ಮುಗಿದ ಮೇಲೆ ಯಂತ್ರವನ್ನೇ ಕೆಣಕಿ ನೋಡಿ. ರ‍್ಯಾಮ್ ಇಸಿಸಿ ಇರಲಿ: ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಂಡು ಲಾಗ್‌ನಲ್ಲಿ ಬರೆದಿಡುತ್ತದೆ. ಡೆಮೊ ದಿನ ಎಲ್ಲ ಕೌಂಟರ್‌ನಿಂದ ಬಿಲ್ ಹಾಕಿಸುತ್ತಲೇ ಎರಡು ಪವರ್ ಕೇಬಲ್‌ಗಳಲ್ಲಿ ಒಂದನ್ನು ಕೀಳಿ. ಯಾರ ಪರದೆಯೂ ನಿಲ್ಲಬಾರದು. (ಎರಡೂ ಕೇಬಲ್ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಎರಡಿದ್ದೂ ಪ್ರಯೋಜನ ಅರ್ಧ.) ಅದನ್ನು ಮತ್ತೆ ಸಿಕ್ಕಿಸಿದ ಮೇಲೆ, ರೈಡ್ 1 ಜೋಡಿಯಿಂದ (ಒಂದೇ ಡೇಟಾವನ್ನು ಎರಡರಲ್ಲೂ ಬರೆದಿಡುವ ಡಿಸ್ಕ್‌ಗಳು) ಒಂದು ಡಿಸ್ಕ್ ಎಳೆದು ಹೊಸದನ್ನು ಹಾಕಿ, ನಕಲು ಪೂರ್ತಿಯಾಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ. ಆ ಹೊತ್ತಿನಲ್ಲಿ ಉಳಿದ ಡಿಸ್ಕ್ ಕೈಕೊಟ್ಟರೆ ಡೇಟಾ ಹೋಯಿತು. ಹಾಗಾಗಿ ರೈಡ್ ಇದ್ದರೂ ಬ್ಯಾಕಪ್ ಬೇರೆಯೇ ಬೇಕು.

ಹಳೇ ಸರ್ವರ್ ಕೊಳ್ಳುವುದಾದರೆ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ ತೆಗೆಸಿ. ಸಾಮಾನ್ಯ ಸಾಟಾ ಡಿಸ್ಕಿನಲ್ಲಿ ಐಡಿ 9 ಇರುವ ಸಾಲು ಓಡಿದ ಗಂಟೆ, ಐಡಿ 5 ಬದಲಿಸಿದ ಸೆಕ್ಟರ್ (ಡೇಟಾ ಬರೆಯುವ ಚಿಕ್ಕ ಜಾಗ), ಐಡಿ 197 ಬದಲಿಗೆ ಕಾದಿರುವವು. 197ರ ಮೂಲ ಅಂಕಿ (ರಾ ವ್ಯಾಲ್ಯೂ) ಸೊನ್ನೆಯಲ್ಲದಿದ್ದರೆ ಆ ಡಿಸ್ಕ್ ಬೇಡ.