ದೊಡ್ಡ ತಳಿಯ ನಾಯಿಮರಿಗೆ ಕ್ಯಾಲ್ಸಿಯಂ ಟಾನಿಕ್ ಬೇಕೇ?

ಪ್ರಶ್ನೆ: ನಾವು ಪೊನ್ನಂಪೇಟೆ ಸಮೀಪದ ಕಾಫಿ ತೋಟದಲ್ಲಿ ವಾಸವಾಗಿದ್ದೇವೆ. ತೋಟದ ಕಾವಲಿಗೆಂದು ಮೂರು ತಿಂಗಳ ಜರ್ಮನ್ ಶೆಫರ್ಡ್ ಮರಿಯನ್ನು ತಂದಿದ್ದೇವೆ. ಅದರ ಕಿವಿ ಇನ್ನೂ ನೆಟ್ಟಗೆ ನಿಂತಿಲ್ಲ. ಮಳೆ ಹಿಡಿದಿರುವುದರಿಂದ ಬಿಸಿಲೂ ಕಾಣುತ್ತಿಲ್ಲ. ಡ್ರೈ ಫುಡ್ ಜೊತೆಗೆ ಕ್ಯಾಲ್ಸಿಯಂ ಟಾನಿಕ್ ಕೊಡದಿದ್ದರೆ ಎಲುಬು ಗಟ್ಟಿಯಾಗುವುದಿಲ್ಲ ಎಂದು ಹಲವರು ಹೇಳುತ್ತಿದ್ದಾರೆ. ಮರಿ ಬೇಗ ದೊಡ್ಡದಾಗಲು ಏನನ್ನು, ಎಷ್ಟು ಹಾಕಬೇಕು?

ಉತ್ತರ: ನೀವು ಕೊಡುತ್ತಿರುವುದು ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಸಂಪೂರ್ಣ ಆಹಾರವಾಗಿದ್ದರೆ ಟಾನಿಕ್ ಬೇಡ. ಅದು ಅನಗತ್ಯ ಮಾತ್ರವಲ್ಲ, ಈ ವಯಸ್ಸಿನಲ್ಲಿ ಅಪಾಯಕಾರಿಯೂ ಹೌದು. ಹಾಗೆಯೇ ಮರಿ ಬೇಗ ದೊಡ್ಡದಾಗಲಿ ಎಂಬ ಆಸೆಯನ್ನೂ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನಾಯಿ ಎಷ್ಟು ಎತ್ತರಕ್ಕೆ ಬೆಳೆಯಬೇಕು ಎಂಬುದನ್ನು ಬಹುಮಟ್ಟಿಗೆ ಅದರ ತಂದೆತಾಯಿಗಳಿಂದ ಬಂದ ಗುಣವೇ ನಿರ್ಧರಿಸುತ್ತದೆ. ಹೆಚ್ಚು ಹಾಕಿದರೆ ಆ ಎತ್ತರವನ್ನು ಅದು ಬೇಗ ಮುಟ್ಟೀತೇ ಹೊರತು ಅದಕ್ಕಿಂತ ದೊಡ್ಡದಾಗುವುದಿಲ್ಲ, ಮತ್ತು ಆ ಅವಸರದ ಭಾರವನ್ನು ಇನ್ನೂ ಬಲಿಯದ ಕೀಲುಗಳು ಹೊರಬೇಕಾಗುತ್ತದೆ.

ಕ್ಯಾಲ್ಸಿಯಂ ವಿಚಾರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಕೊಡಗಿನ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಹಸುವಿಗೆಂದು ತಂದ ಬಾಟಲಿಯಿಂದಲೇ ಮರಿಗೂ ಎರಡು ಚಮಚ ಹಾಕುವುದು ಅಪರೂಪವಲ್ಲ. ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಮಲದೊಂದಿಗೆ ಹೊರಹಾಕುತ್ತದೆ. ಸುಮಾರು ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಆಹಾರದಲ್ಲಿ ಎಷ್ಟೇ ಇರಲಿ, ಅದರ ದೊಡ್ಡ ಪಾಲು ರಕ್ತಕ್ಕೆ ಸೇರಿಯೇ ಸೇರುತ್ತದೆ. ಆಗ ದೇಹ ಆ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಎಲುಬಿನೊಳಗೆ ತಳ್ಳಲು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಎಲುಬು ಬೆಳೆಯಬೇಕಾದರೆ ಹಳೆಯ ಭಾಗ ಕರಗುತ್ತ ಹೊಸದು ಕೂಡುತ್ತ ಹೋಗಬೇಕು. ಕರಗುವ ಈ ಕೆಲಸವೇ ತಗ್ಗಿದಾಗ ಎಲುಬಿನ ಆಕಾರ ಕೆಡುತ್ತದೆ, ಎಲುಬಿನ ತುದಿಯಲ್ಲಿರುವ ಮೃದ್ವಸ್ಥಿ ಸರಿಯಾಗಿ ಬಲಿಯದೆ ಬಿರುಕು ಬಿಡುತ್ತದೆ, ಮುಂಗಾಲುಗಳು ಸೊಟ್ಟಗಾಗಬಹುದು.

ಇದು ಕೇವಲ ಊಹೆಯಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ಅಧ್ಯಯನ ನಡೆಸಿ, ಆಹಾರದ ಒಣ ತೂಕದಲ್ಲಿ ಶೇ 1.1 ಕ್ಯಾಲ್ಸಿಯಂ ತಿಂದ ಮರಿಗಳನ್ನು ಶೇ 3.3 ತಿಂದ ಮರಿಗಳೊಂದಿಗೆ ಹೋಲಿಸಿದಾಗ, ಹೆಚ್ಚು ತಿಂದವುಗಳ ಎಲುಬು ಮತ್ತು ಕೀಲುಗಳಲ್ಲಿ ಇಂತಹ ದೋಷಗಳೇ ಕಂಡುಬಂದವು. ಅಮೆರಿಕದಲ್ಲಿ ಪಶು ಆಹಾರದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಆಫ್ಕೋ, ಬೆಳೆಯುವ ಮರಿಗಳ ಆಹಾರದಲ್ಲಿ ಪ್ರತಿ 1000 ಕಿಲೋಕ್ಯಾಲರಿಗೆ ಕನಿಷ್ಠ 3 ಗ್ರಾಂ ಕ್ಯಾಲ್ಸಿಯಂ ಇರಬೇಕೆಂದೂ, ಬೆಳೆದಾಗ ಸುಮಾರು 32 ಕಿಲೋ ಅಥವಾ ಹೆಚ್ಚು ತೂಗುವ ತಳಿಗಳಿಗೆ ಅದು 4.5 ಗ್ರಾಂ ಮೀರಬಾರದೆಂದೂ ಹೇಳುತ್ತದೆ. ಎರಡು ಮಿತಿಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಗಮನಿಸಿ. ಉತ್ತಮ ಆಹಾರ ಈಗಾಗಲೇ ಆ ಅಂತರದೊಳಗೆ ಇರುತ್ತದೆ. ಅದರ ಮೇಲೆ ನಾವು ಸುರಿಯುವ ಪ್ರತಿ ಚಮಚವೂ ಅದನ್ನು ಮೇಲಿನ ಅಂಚಿನ ಆಚೆಗೆ ದೂಡುತ್ತದೆ.

ಕಿವಿಯ ವಿಷಯ. ಕಿವಿ ನಿಲ್ಲುವುದು ಮೃದ್ವಸ್ಥಿಯ ಬಲದಿಂದ, ಎಲುಬಿನಿಂದಲ್ಲ. ಹಾಲುಹಲ್ಲು ಉದುರಿ ಹೊಸ ಹಲ್ಲು ಮೂಡುವ ನಾಲ್ಕರಿಂದ ಆರನೆಯ ತಿಂಗಳವರೆಗೆ ನಿಂತ ಕಿವಿ ಮತ್ತೆ ಬೀಳುವುದು, ಒಂದು ನಿಂತು ಇನ್ನೊಂದು ಬಾಗಿರುವುದು ಈ ತಳಿಯಲ್ಲಿ ತೀರ ಸಹಜ. ಮೂರು ತಿಂಗಳಿಗೇ ಚಿಂತಿಸಬೇಕಾದ ಕಾರಣವೇ ಇಲ್ಲ.

ಬಿಸಿಲಿನ ಬಗ್ಗೆ ನಿಮಗಿರುವ ಆತಂಕ ಅರ್ಥವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಕೊಡಗಿನಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆದರೆ ಮನುಷ್ಯರ ಚರ್ಮಕ್ಕೆ ಸಾಧ್ಯವಾದಂತೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸಲಾರದು. ಅದಕ್ಕೆ ಬೇಕಾದ ವಿಟಮಿನ್ ಡಿ ಬರುವುದು ಆಹಾರದಿಂದಲೇ, ಬೇಸಿಗೆಯಲ್ಲೂ ಮಳೆಗಾಲದಲ್ಲೂ. ಸಂಪೂರ್ಣ ಆಹಾರದಲ್ಲಿ ಅದನ್ನು ಅಳತೆ ಮಾಡಿ ಸೇರಿಸಿರುತ್ತಾರೆ. ಅನೇಕ ಕ್ಯಾಲ್ಸಿಯಂ ಟಾನಿಕ್‌ಗಳಲ್ಲಿ ವಿಟಮಿನ್ ಡಿ3 ಕೂಡ ಇರುತ್ತದೆ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ದೇಹದಲ್ಲಿ ಶೇಖರಗೊಳ್ಳುವುದರಿಂದ ಮಿತಿಮೀರಿದರೆ ವಿಷವಾಗುತ್ತದೆ.

ಇನ್ನು ಎಷ್ಟು ಹಾಕಬೇಕು ಎಂಬ ಪ್ರಶ್ನೆ. ಪಶುವೈದ್ಯರು ಬಳಸುವ ಸೂತ್ರದಂತೆ 10 ಕಿಲೋ ತೂಗುವ ಪ್ರಾಣಿಗೆ ಸುಮ್ಮನೆ ಬದುಕಿರಲು ದಿನಕ್ಕೆ ಸುಮಾರು 394 ಕಿಲೋಕ್ಯಾಲರಿ ಬೇಕು. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರು ಪಟ್ಟು, ಆಮೇಲೆ ಎರಡು ಪಟ್ಟು ಎಂದು ಆರಂಭಿಸುತ್ತಾರೆ. ನಿಮ್ಮ ಮರಿ ಈಗ 10 ಕಿಲೋ ಇದ್ದರೆ ದಿನಕ್ಕೆ ಸುಮಾರು 1180 ಕಿಲೋಕ್ಯಾಲರಿ ಆಯಿತು. ಆಹಾರದ ಚೀಲದ ಮೇಲೆ 100 ಗ್ರಾಂಗೆ 380 ಕಿಲೋಕ್ಯಾಲರಿ ಎಂದಿದ್ದರೆ ಅದು ಸುಮಾರು 310 ಗ್ರಾಂ. ಇದೇ ಮರಿ ಐದು ತಿಂಗಳಿಗೆ 18 ಕಿಲೋ ಆದಾಗ ಬೇಕಾಗುವುದು ಸುಮಾರು 1220 ಕಿಲೋಕ್ಯಾಲರಿ, ಅಂದರೆ ಸುಮಾರು 320 ಗ್ರಾಂ! ಮರಿಯ ತೂಕ ದುಪ್ಪಟ್ಟಿನ ಹತ್ತಿರ ಬಂದರೂ ಊಟ ಹೆಚ್ಚುಕಡಿಮೆ ಅಷ್ಟೇ. ಮರಿ ದೊಡ್ಡದಾಯಿತಲ್ಲ ಎಂದು ತಟ್ಟೆಯನ್ನೂ ಅದೇ ಲೆಕ್ಕದಲ್ಲಿ ತುಂಬುತ್ತ ಹೋಗುವುದರಿಂದಲೇ ಅನೇಕ ಮರಿಗಳು ಐದಾರು ತಿಂಗಳಿಗೆ ಉಂಡೆಯಂತಾಗುತ್ತವೆ. ಈ ಅಂಕಿಗಳು ಆರಂಭಕ್ಕೆ ಮಾತ್ರ. ಒಂದೇ ಹೆರಿಗೆಯ ಎರಡು ಮರಿಗಳಿಗೂ ಬೇರೆ ಬೇರೆ ಪ್ರಮಾಣ ಬೇಕಾಗಬಹುದು. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಡಬ್ಬಿಯಲ್ಲಿಟ್ಟು, ನಾಲ್ಕು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಬಳಿಕ ಎರಡು ಹೊತ್ತು ಹಂಚಿ ಹಾಕಿ. ದಿನವಿಡೀ ತಟ್ಟೆ ತುಂಬಿ ಇಡುವುದು ಬೇಡವೇ ಬೇಡ.

ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ನಿಮ್ಮ ಕೈಯೇ ಸಾಕು. ಮರಿ ನಿಂತಿರುವಾಗ ಎರಡೂ ಪಕ್ಕಗಳ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟು ಸವರಿ. ಒತ್ತದೆಯೇ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಹೋದಂತೆ ಮೇಲೇರಿರಬೇಕು. ಪಕ್ಕೆಲುಬು ಹುಡುಕಲು ಒತ್ತಬೇಕಾಯಿತೆಂದರೆ ಊಟವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿ, ಒಂದು ವಾರ ನೋಡಿ. ಕಾಫಿ ತೂಗಲು ತೋಟದಲ್ಲಿ ಹೇಗೂ ತಕ್ಕಡಿ ಇರುತ್ತದೆ. ಮರಿಯನ್ನು ವಾರಕ್ಕೊಮ್ಮೆ ಅದರ ಮೇಲೆ ನಿಲ್ಲಿಸಿ ತೂಕ ಬರೆದಿಟ್ಟರೆ ಏರಿಕೆ ನಿಧಾನವಾಗಿ, ಏಕರೀತಿಯಲ್ಲಿ ಸಾಗುತ್ತಿದೆಯೇ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಇಂತಹ ತೆಳ್ಳಗಿನ ಮರಿಯನ್ನು ನೋಡಿ ನೆಂಟರು "ಏನು, ಹೊಟ್ಟೆಗೆ ಹಾಕುವುದಿಲ್ಲವೇ?" ಎಂದು ಕೇಳಿದರೂ ಮನಸ್ಸು ಬದಲಿಸಬೇಡಿ. 2002ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಒಂದೇ ಹೆರಿಗೆಯ ಜೋಡಿಗಳಾಗಿ ವಿಂಗಡಿಸಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರವನ್ನು ಮರಿಯಾಗಿದ್ದಾಗಿನಿಂದ ಜೀವನಪೂರ್ತಿ ನೀಡಲಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದು 11.2 ವರ್ಷ. ತೆಳ್ಳಗಿದ್ದವುಗಳಲ್ಲಿ ಸೊಂಟದ ಕೀಲಿನ ದೋಷವೂ ಕಡಿಮೆ, ಕೀಲುನೋವಿಗೆ ಔಷಧ ಬೇಕಾದದ್ದೂ ಬಹಳ ತಡವಾಗಿ. ಜರ್ಮನ್ ಶೆಫರ್ಡ್ ಕೂಡ ಸೊಂಟದ ಕೀಲಿನ ಈ ದೋಷಕ್ಕೆ ಹೆಸರಾದ ತಳಿಯೇ ಆದ್ದರಿಂದ ಈ ಅಧ್ಯಯನದ ಫಲಿತಾಂಶ ನಿಮಗೆ ನೇರವಾಗಿ ಅನ್ವಯಿಸುತ್ತದೆ.

ಡ್ರೈ ಫುಡ್ ಬಿಟ್ಟು ಅನ್ನ ಮತ್ತು ಮಾಂಸವನ್ನೇ ಹಾಕಿ ಬೆಳೆಸುವ ಮನೆಗಳೂ ನಮ್ಮಲ್ಲಿವೆ. ಅಲ್ಲಿನ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು. ಎಲುಬಿಲ್ಲದ ಮಾಂಸದಲ್ಲಿ 100 ಗ್ರಾಂಗೆ ಸುಮಾರು 10 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅದರೊಂದಿಗೆ ಹದದಲ್ಲಿರಬೇಕಾದ ರಂಜಕ (ಫಾಸ್ಫರಸ್) ಅದರ ಹತ್ತಾರು ಪಟ್ಟು ಇರುತ್ತದೆ. ಅನ್ನದಲ್ಲಿ ಕ್ಯಾಲ್ಸಿಯಂ ಇನ್ನೂ ನಗಣ್ಯ. ಮೇಲಿನ ಲೆಕ್ಕದ ಮರಿಗೆ ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಬೇಕು. ಅದನ್ನು ರಾಗಿಯಿಂದಲೇ ತುಂಬಿಸಬೇಕೆಂದರೆ ಸುಮಾರು ಒಂದು ಕಿಲೋ, ಹಾಲಿನಿಂದಲೇ ಎಂದರೆ ಸುಮಾರು ಮೂರು ಲೀಟರ್ ಬೇಕಾದೀತು. ಎರಡೂ ಆಗದ ಮಾತು. ಕ್ಯಾಲ್ಸಿಯಂ ಸಾಲದ ಮರಿಯ ದೇಹ ತನ್ನ ಎಲುಬನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ, ಕೊನೆಗೆ ಸಣ್ಣ ಜಿಗಿತಕ್ಕೂ ಎಲುಬು ಮುರಿಯುತ್ತದೆ. ಮನೆಯ ಅಡುಗೆಯನ್ನೇ ಹಾಕುವ ಸಂಕಲ್ಪವಿದ್ದರೆ ಕ್ಯಾಲ್ಸಿಯಂ ಖಂಡಿತ ಸೇರಿಸಬೇಕು, ಆದರೆ ಅದು ಅಂದಾಜಿನ ಚಮಚವಾಗಬಾರದು. ನಿಮ್ಮ ಪಶುವೈದ್ಯರ ಮೂಲಕ ಹಾಸನದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಜ್ಞರಿಂದ ಗ್ರಾಂ ಲೆಕ್ಕದ ಆಹಾರಪಟ್ಟಿಯನ್ನು ಬರೆಸಿಕೊಳ್ಳಿ. ಡ್ರೈ ಫುಡ್ ಜೊತೆಗೆ ಸ್ವಲ್ಪ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಹಾಕಲು ಅಡ್ಡಿಯಿಲ್ಲ, ಅದು ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ದಾಟದಿದ್ದರೆ ಸಾಕು. ಪ್ರೋಟೀನ್ ಹೆಚ್ಚಾದರೆ ಎಲುಬು ಕೆಡುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿಲ್ಲ. ಎಲುಬು ಕೆಡಿಸುವುದು ಅತಿಯಾದ ಕ್ಯಾಲರಿ ಮತ್ತು ಹದ ತಪ್ಪಿದ ಕ್ಯಾಲ್ಸಿಯಂ.

ಕೈಲ್ ಪೊಳ್ದ್ ಹಬ್ಬದ ಅಥವಾ ಮದುವೆಯ ಊಟದ ನಂತರ ಉಳಿದ ಪಂದಿ ಕರಿಯ (ಹಂದಿಮಾಂಸದ ಸಾರಿನ) ಎಲುಬನ್ನು ಪ್ರೀತಿಯಿಂದಲೇ ಮರಿಗೆ ಎಸೆಯುತ್ತಾರೆ. ದಯವಿಟ್ಟು ಮನೆಯವರಿಗೂ ಕೆಲಸದವರಿಗೂ ಇದನ್ನು ಮೊದಲೇ ಹೇಳಿಡಿ. ಬೆಂದ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚಬಲ್ಲದು, ಮಸಾಲೆಯಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಂದಿಯ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾಗಬಹುದು. ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣಕ್ಕೂ ಮರಿಯನ್ನು ಬಿಡಬೇಡಿ, ಏಕೆಂದರೆ ಬೀಜದಲ್ಲಿರುವ ಕೆಫೀನ್ ನಾಯಿಯ ಹೃದಯಕ್ಕೂ ನರಮಂಡಲಕ್ಕೂ ವಿಷ. ತೋಟದಲ್ಲಿ ಬೆಣ್ಣೆಹಣ್ಣಿನ ಮರವಿದ್ದರೆ ಉದುರಿದ ಹಣ್ಣನ್ನು ಬೇಗ ಹೆಕ್ಕಿಬಿಡಿ. ಅದರ ಬೀಜ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಮಳೆಗಾಲದ ತೇವದಲ್ಲಿ ಆಹಾರವೇ ಹಾಳಾಗುವ ಸಾಧ್ಯತೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು. ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಬಿಡಿಯಾಗಿ ತೂಗಿ ಕೊಡುವ ಆಹಾರವನ್ನು ಕೊಳ್ಳದೆ, ಒಂದು ತಿಂಗಳೊಳಗೆ ಮುಗಿಯುವ ಚೀಲವನ್ನು ತಂದು, ಅದನ್ನು ಬೇರೆಡೆ ಸುರಿಯದೆ ಚೀಲದ ಸಮೇತ ಬಿಗಿ ಮುಚ್ಚಳದ ಡ್ರಮ್ಮಿನೊಳಗೆ ಇಡಿ.

ಐದನೆಯ ತಿಂಗಳಿಂದ ವರ್ಷ ತುಂಬುವವರೆಗೆ ಮರಿ ಎಂದಾದರೂ ಕುಂಟಿದರೆ ಅಥವಾ ಏಳಲು ಹಿಂಜರಿದರೆ ಅದನ್ನು ಕ್ಯಾಲ್ಸಿಯಂ ಕೊರತೆ ಎಂದು ನೀವೇ ತೀರ್ಮಾನಿಸಬೇಡಿ. ಎಳೆಯ ಜರ್ಮನ್ ಶೆಫರ್ಡ್‌ಗಳಲ್ಲಿ ಉದ್ದ ಎಲುಬುಗಳೊಳಗೆ ಉರಿಯೂತವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುವ ಕುಂಟು ಬರುವುದುಂಟು. ಅದು ತಾನಾಗಿ ವಾಸಿಯಾಗುತ್ತದೆ, ಆದರೆ ಕೀಲಿನ ದೋಷ ಹಾಗಲ್ಲ. ಎರಡನ್ನೂ ಬೇರ್ಪಡಿಸಿ ಹೇಳಲು ಪಶುವೈದ್ಯರ ಪರೀಕ್ಷೆ ಮತ್ತು ಎಕ್ಸ್-ರೇ ಬೇಕು. ಮನುಷ್ಯರ ನೋವಿನ ಮಾತ್ರೆಯನ್ನು ಎಂದಿಗೂ ಕೊಡಬಾರದು. ಎಲ್ಲವೂ ಸರಿಯಾಗಿ ಸಾಗಿದರೆ 12ರಿಂದ 15 ತಿಂಗಳ ನಡುವೆ, ಬೆಳವಣಿಗೆ ಬಹುತೇಕ ಮುಗಿದ ಮೇಲೆ, ಮರಿಯ ಆಹಾರದಿಂದ ದೊಡ್ಡ ನಾಯಿಯ ಆಹಾರಕ್ಕೆ ಒಂದು ವಾರದ ಅವಧಿಯಲ್ಲಿ ದಿನದಿನಕ್ಕೆ ಪಾಲು ಹೆಚ್ಚಿಸುತ್ತ ಬದಲಾಯಿಸಿ.