ಅಗ್ರೀಯಬಲ್ ಗ್ರೇನಾ, ರಿಪೋಸ್ ಗ್ರೇನಾ?

ಪ್ರಶ್ನೆ: ಹಾಲ್‌ಗೆ ಶೆರ್ವಿನ್-ವಿಲಿಯಮ್ಸ್ ಪೇಂಟ್ ಕಂಪನಿಯ ಅಗ್ರೀಯಬಲ್ ಗ್ರೇ, ರಿಪೋಸ್ ಗ್ರೇ ಎರಡನ್ನೂ ಆರಿಸಿಟ್ಟುಕೊಂಡಿದ್ದೇವೆ. ಶೇಡ್ ಕಾರ್ಡ್‌ನಲ್ಲಿ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ. ಯಾವುದನ್ನು ಹೊಡೆಸೋಣ?

ಉತ್ತರ: ಅಷ್ಟು ಚಿಕ್ಕ ಕಾರ್ಡ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಬಿಡಿ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ ಎಂದು ಹೇಳಲು ಎಲ್‌ಆರ್‌ವಿ ಎಂಬ ಅಳತೆ ಇದೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಅಗ್ರೀಯಬಲ್‌ಗೆ 60, ರಿಪೋಸ್‌ಗೆ 58. ಹಾಗಾಗಿ ಯಾವುದು ಹೆಚ್ಚು ತಿಳಿ ಬಣ್ಣ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನೋಡಬೇಕಾದದ್ದು ಬೂದು ಬಣ್ಣದೊಳಗೆ ಬೆರೆತಿರುವ ಇನ್ನೊಂದು ಬಣ್ಣವನ್ನು. ಅಗ್ರೀಯಬಲ್‌ನಲ್ಲಿ ಬೀಜ್, ಅಂದರೆ ಮರಳಿನಂಥ ತಿಳಿ ಕಂದು, ಜಾಸ್ತಿ. ರಿಪೋಸ್‌ನಲ್ಲಿ ಅದು ಕಡಿಮೆ, ಕೆಲವು ಬೆಳಕಿನಲ್ಲಿ ಸಣ್ಣಗೆ ನೇರಳೆ ಹೊಡೆಯುತ್ತದೆ. ಅದು ಕೆಲವರಿಗೆ ಇಷ್ಟ, ಕೆಲವರಿಗೆ ಕಿರಿಕಿರಿ.

ಎರಡು ದೊಡ್ಡ ಬಿಳಿ ರಟ್ಟು ತಗೊಳ್ಳಿ. ಸುತ್ತ ಎರಡು ಬೆರಳಷ್ಟು ಬಿಳಿ ಅಂಚು ಬಿಟ್ಟು, ಒಂದೊಂದಕ್ಕೆ ಒಂದೊಂದು ಬಣ್ಣವನ್ನು ಎರಡು ಕೋಟ್ ಬಳಿಯಿರಿ. ಒಣಗುವ ಮುಂಚೆ ತೀರ್ಮಾನ ಬೇಡ, ಹಸಿ ಬಣ್ಣ ಬೇರೆಯೇ ಕಾಣುತ್ತದೆ. ಹಳೇ ಗೋಡೆ ಮೇಲೆ ನೇರವಾಗಿ ಹಚ್ಚಿ ನೋಡಲೂ ಬೇಡಿ. ಸುತ್ತ ಹಳದಿ ಗೋಡೆ ಇದ್ದರೆ ಒಳ್ಳೇ ಗ್ರೇ ಕೂಡ ನೀಲಿಯಾಗಿ ಕಾಣುತ್ತದೆ. ಆ ಬಿಳಿ ಅಂಚು ಇರುವುದೇ ಅದಕ್ಕೆ. ರಟ್ಟನ್ನು ನೆಲದ ಮೇಲೆ ಮಲಗಿಸದೆ ಗೋಡೆಗೆ ಒರಗಿಸಿ ನಿಲ್ಲಿಸಿ. ಒಮ್ಮೆ ಕಿಟಕಿ ಪಕ್ಕ, ಒಮ್ಮೆ ಅದರ ಎದುರಿನ ಗೋಡೆಗೆ.

ರಾತ್ರಿ ನೋಡುವುದನ್ನು ಮಾತ್ರ ಮರೆಯಬೇಡಿ. 2700 ಕೆಲ್ವಿನ್‌ನ ಹಳದಿ ಬಲ್ಬ್ ಕೆಳಗೆ ಅಗ್ರೀಯಬಲ್ ಹೆಚ್ಚುಕಮ್ಮಿ ಬೀಜ್ ಆಗಿಬಿಡುತ್ತದೆ. 6500ರ ಬಿಳಿ ಬಲ್ಬ್ ಹಾಕಿದರೆ ರಿಪೋಸ್ ತೀರಾ ತಣ್ಣಗೆ, ಆಫೀಸಿನ ಗೋಡೆ ಥರ ಕಾಣಬಹುದು. ಬಲ್ಬ್ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮಾಡಿ, ಆಮೇಲೆ ಬಣ್ಣ ಆರಿಸಿ.

ನನ್ನನ್ನು ಕೇಳಿದರೆ, ನೆಲ ಕೆನೆ ಬಣ್ಣದ್ದೋ ಮರದ್ದೋ ಆಗಿದ್ದರೆ ಅಗ್ರೀಯಬಲ್. ಬೂದು ಟೈಲ್ಸ್, ಬಿಳಿ ಮಾರ್ಬಲ್ ಇದ್ದು, ಕಿಟಕಿಯಿಂದ ಬಿಸಿಲು ಚೆನ್ನಾಗಿ ಬರುತ್ತಿದ್ದರೆ ರಿಪೋಸ್. ಬಿಸಿಲೇ ಬೀಳದ ಕೋಣೆಗೆ ರಿಪೋಸ್ ಬೇಡ, ಮಂಕಾಗುತ್ತದೆ.

ಇನ್ನೊಂದು ವಿಷಯ. ಇದೇ ಶೇಡನ್ನು ಬೇರೆ ಕಂಪನಿಯ ಪೇಂಟ್‌ನಲ್ಲಿ ಮಿಕ್ಸ್ ಮಾಡಿಸುವುದಾದರೆ ಆ ಡಬ್ಬಿಯದ್ದನ್ನೇ ರಟ್ಟಿಗೆ ಹಚ್ಚಿ ನೋಡಿ. ಈ ಎರಡು ಬಣ್ಣಗಳ ನಡುವೆ ಇರುವ ವ್ಯತ್ಯಾಸವೇ ಇಷ್ಟು, ಮಿಕ್ಸಿಂಗ್‌ನಲ್ಲಿ ಅಷ್ಟು ಆಚೀಚೆ ಆಗುವುದು ಕಷ್ಟವೇನಲ್ಲ ಅಲ್ವಾ?